ಸ್ವಾತಿ ಮಳೆಯ ಹೆಪ್ಪು

ಹೋದ ತಿಂಗಳು ನಮ್ಮ ಕಾಲೇಜಿಗೆ ಹೊಸದಾಗಿ ಬಂದ ಭೂಗೋಳದ ಅಧ್ಯಾಪಕಿ ಶ್ವೇತಾ ನಮ್ಮ ಮನೆ ಹುಡುಕಿಕೊಂಡು ಬಂದಿದ್ದಳು. ಚಹಾ ಆರುವ ಮೊದಲೇ ಕೇಳಿದಳು.

"ಮೇಡಂ, ಊರ ಮಂದಿ ಕಡಿಂದ ಮಾಹಿತಿ ತಗೊಂಡು ಪೇಪರ್ ಬರದ್ರ ಲಗೂ ಛಾಪ್ ಆಕ್ಕೈತಂತ. ಖರೇ ಏನ್ರಿ?"

ಲಗೂ, ಅಂದರೆ ಬೇಗ, ಎಂಬ ಮಾತಿಗೆ ನನಗೆ ಮೊದಲು ನಗು ಬಂತು, ಆಮೇಲೆ ದಣಿವಾಯಿತು. ಅವಳಿಗೆ ಆವತ್ತು ಇನ್ನೊಂದು ಚಕ್ಕುಲಿ ಕೊಟ್ಟು ಕಳಿಸಿದೆ. ಆದರೆ ಪ್ರಶ್ನೆ ತಲೆಯಲ್ಲಿ ಕುಳಿತುಬಿಟ್ಟಿತು. ಅವಳಂಥವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ. ಬಡ್ತಿ, ಸನ್ಮಾನ, ಶಾಲುಗಳ ಕತೆ ಇದರಲ್ಲಿಲ್ಲ. ನನಗೆ ಹೊದಿಸಿದ ಶಾಲುಗಳೆಲ್ಲ ಅಟ್ಟದ ಟ್ರಂಕಿನಲ್ಲಿವೆ, ಹೋದ ಬೇಸಿಗೆಯಲ್ಲಿ ಅವುಗಳ ಮೇಲೆ ಬೆಕ್ಕು ಮರಿ ಹಾಕಿತ್ತು. ಅವುಗಳಿಂದ ಆದ ಉಪಯೋಗ ಅದೊಂದೇ.

ನಾನು ಶಿಗ್ಗಾಂವದ ಪದವಿ ಕಾಲೇಜಿನಲ್ಲಿ ಭೂಗೋಳ ಕಲಿಸಿ ನಿವೃತ್ತಳಾದವಳು. ಹುಟ್ಟಿ ಬೆಳೆದದ್ದು ಹುಬ್ಬಳ್ಳಿಯ ರೈಲ್ವೆ ಕ್ವಾರ್ಟರ್ಸಿನಲ್ಲಿ. ಹೊಲ, ಹದ, ಬಿತ್ತಿಗೆ ಎಲ್ಲ ನನಗೆ ಪುಸ್ತಕದಿಂದ ಬಂದ ವಿದ್ಯೆ. ಈ ಮಾತು ಮುಂದೆ ಬೇಕಾಗುತ್ತದೆ, ಅದಕ್ಕೇ ಈಗಲೇ ಹೇಳಿದ್ದು.

ಇದೆಲ್ಲ ಶುರುವಾದದ್ದು ರಜಾಕಸಾಬರಿಂದ. ಸವಣೂರಿನ ಹೊರಗೆ ಅವರ ವೀಳ್ಯದೆಲೆ ತೋಟ. ಮಗಳ ಅಂಕಪಟ್ಟಿ ಒಯ್ಯಲು ಕಾಲೇಜಿಗೆ ಬಂದವರು ಭೂಗೋಳ ವಿಭಾಗದ ಬಾಗಿಲಲ್ಲಿ ನಿಂತು, ಒಳಗೆ ಬರಬೇಕೋ ಬೇಡವೋ ಎಂದು ಟೋಪಿ ಸರಿಮಾಡಿಕೊಳ್ಳುತ್ತಿದ್ದರು. ನಾನೇ ಕರೆದು ಕೂಡಿಸಿದೆ.

"ಮೇಡಮ್ಮಾರ, ಒಂದು ಕೇಳೂದಿತ್ರಿ. ಸ್ವಾತಿ ಮಳಿ ಕಡಿಮಿ ಆಗಾಕತ್ತೈತಿ ಅಂತ ಎಲ್ಲಾರೂ ಅಂತಾರ. ಖರೇನ ಕಡಿಮಿ ಆಗೈತೋ, ನಮಗ ಹಂಗ ಅನಸ್ತೈತೋ?"

"ಯಾಕ್ರಿ, ನಿಮಗ ಯಾಕ ಬೇಕಾಗೈತಿ?"

"ಸ್ವಾತಿ ಚಲೋ ಬಿದ್ರ ನಮ್ಮ ಬಾವಿ ಉಗಾದಿ ತನಕ ತಡೀತೈತ್ರಿ. ಬೀಳದಿದ್ರ ಎಲಿಬಳ್ಳಿ ಸುಟ್ಟಂಗ ಆಕ್ಕಾವು. ಕಡಿಮಿ ಆಗೂದ ಖರೇ ಅಂತಂದ್ರ ತ್ವಾಟ ತಗದು ಬ್ಯಾರೆ ಏನರ ಹಾಕ್ತೇನಿ. ಅಲ್ಲ ಅಂದ್ರ ಹೊಸಾ ಬಳ್ಳಿ ಹಚ್ಚತೇನಿ. ಅಪ್ಪನ ಕಾಲದ ತ್ವಾಟರಿ, ಸುಮ್ಮನ ತಗಿಯಾಕ ಮನಸಾಗವಲ್ದು."

ದೀಪಾವಳಿಯ ಆಸುಪಾಸಿನಲ್ಲಿ ಬೀಳುವ ಮಳೆ ಸ್ವಾತಿ. ಸರ್ಕಾರಿ ಮಳೆಮಾಪಕ ಇರುವುದು ಪೇಟೆಯಲ್ಲೋ ಹೋಬಳಿ ಕೇಂದ್ರದಲ್ಲೋ. ಎತ್ತಿನ ಒಂದು ಕೋಡು ನೆನೆದರೆ ಇನ್ನೊಂದು ನೆನೆಯುವುದಿಲ್ಲ ಎನ್ನುವ ನಾಡಿನಲ್ಲಿ ಕಚೇರಿಯ ಅಂಗಳದ ಮಳೆ ರಜಾಕಸಾಬರ ತೋಟದ ಮಳೆಯಾಗುವುದಿಲ್ಲ. ಹಾಗಾದರೆ ಊರಿನವರೇ ಅಳೆಯಲಿ ಎಂದುಕೊಂಡೆ. ಅದಕ್ಕೆ ನಾಗರಿಕ ವಿಜ್ಞಾನ ಎಂಬ ದೊಡ್ಡ ಹೆಸರಿದೆ ಎಂದು ಆಗ ನನಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ ಹೆದರಿ ಸುಮ್ಮನಿರುತ್ತಿದ್ದೆನೋ ಏನೋ.

ಪ್ಲಾಸ್ಟಿಕ್ಕಿನ ಪಾರದರ್ಶಕ ಮಾಪಕಗಳನ್ನು ತರಿಸಿದೆವು. ಮೇಲೊಂದು ಆಲಿಕೆ, ಕೆಳಗೆ ಗೆರೆ ಕೊರೆದ ನಳಿಗೆ. ಮುಂಜಾನೆ ಎಂಟೂವರೆಗೆ ನೀರು ಯಾವ ಗೆರೆಗೆ ನಿಂತಿದೆ ಎಂದು ನೋಡುವುದು, ಫೋನಿನಲ್ಲಿ ಕಳಿಸುವುದು, ನೀರು ಚೆಲ್ಲಿ ಮತ್ತೆ ಕೂಡಿಸುವುದು. ಜನ ಅದನ್ನು ಮಳಿ ಡಬ್ಬಿ ಎಂದು ಕರೆದರು. ರಜಾಕಸಾಬರ ತೋಟಕ್ಕೆ ಒಂದು. ಶಿಗ್ಗಾಂವ ತಾಲ್ಲೂಕಿನ ಹಿರೇಬೆಂಡಿಗೇರಿಯಲ್ಲಿ ಬಸಪ್ಪನವರ ಹಿತ್ತಲಿಗೆ ಒಂದು. ಹಾನಗಲ್ಲ ಕಡೆ ಆಡೂರಿನಲ್ಲಿ ಗದ್ದೆ ಮಾಡುವ ಫಕ್ಕೀರಪ್ಪನ ಮನೆಗೆ ಒಂದು. ಹಿರೇಕೆರೂರಿನ ಹತ್ತಿರ ಹಿಟ್ಟಿನ ಗಿರಣಿ ಇಟ್ಟ ನಾಗಪ್ಪನಿಗೆ ಒಂದು. ಇನ್ನೂ ಕೆಲವು ಊರುಗಳಿದ್ದವು, ಎಲ್ಲವನ್ನೂ ಹೇಳಿದರೆ ನಿಮಗೂ ಬೇಸರ, ನನಗೂ ಬೇಸರ.

ಮೊದಲ ಮಳೆಗಾಲ ಬರೀ ಎಡವಟ್ಟಿನಲ್ಲಿ ಹೋಯಿತು. ಗಿರಣಿ ನಾಗಪ್ಪನಿಂದ ದಿನಾ ಸೊನ್ನೆ ಬರುತ್ತಿತ್ತು. ಹಿರೇಕೆರೂರಿನಲ್ಲಿ ಜೋರು ಮಳೆ ಎಂದು ಬಸ್ಸಿನವರು ಹೇಳುತ್ತಿದ್ದಾರೆ, ಇವನದು ಸೊನ್ನೆ. ಹೋಗಿ ನೋಡಿದರೆ ಡಬ್ಬಿ ಗಿರಣಿಯೊಳಗೆ ದೇವರ ಫೋಟೋದ ಪಕ್ಕದಲ್ಲಿದೆ.

"ಹೊಸಾದೈತಲ್ರಿ ಮೇಡಮ್ಮಾರ, ಮಳ್ಯಾಗ ಇಟ್ರ ಹಾಳಾಕ್ಕೈತಿ ಅಂತ ಒಳಗ ಇಟ್ಟೆ" ಎಂದ.

ಬಯ್ಯಲೂ ಆಗಲಿಲ್ಲ. ಅವನು ಅದನ್ನು ದಿನಾ ಒರೆಸಿ ಫಳಫಳ ಇಟ್ಟಿದ್ದ.

ಆಡೂರಿನದು ನಮ್ಮ ಪ್ರಾಚಾರ್ಯರ ಕೃಪೆ. ಮಾಪಕಕ್ಕೂ ಉದ್ಘಾಟನೆ ಆಗಬೇಕೆಂದು ಅವರ ಹಟ. ರಿಬ್ಬನ್ ಕಟ್ಟಿಸಿದರು, ಸುಡುಬಿಸಿಲಿನಲ್ಲಿ ಭಾಷಣ ಮಾಡಿದರು. ಫೋಟೋ ತೆಗೆಯುವಾಗ ಡಬ್ಬಿ ಖಾಲಿ ಕಂಡರೆ ಚಂದವಲ್ಲ ಎಂದು ಜವಾನನಿಂದ ಅದಕ್ಕೆ ಬಾಟಲಿ ನೀರು ಸುರಿಸಿದರು. ಮರುದಿನ ಮುಂಜಾನೆ ಫಕ್ಕೀರಪ್ಪ ಶಿಸ್ತಿನಿಂದ ಅದನ್ನೇ ಓದಿ ಕಳಿಸಿದ. ಹಾಗಾಗಿ ನಮ್ಮ ದಾಖಲೆಯಲ್ಲಿ ಆಡೂರಿಗೆ ಬಿದ್ದ ಮೊದಲ ಮಳೆ ಪ್ರಾಚಾರ್ಯರ ಮಳೆ. ಅದನ್ನು ಹೊಡೆದು ಹಾಕಿದೆ. ಮುಂದೆ ಪೇಪರ್ ಬರೆಯುವಾಗ ಮೊದಲ ಹೆಸರು ತಮ್ಮದಿರಬೇಕು ಎಂದು ಅವರು ಕೇಳಿದಾಗ ಈ ಮಳೆಯನ್ನು ನೆನಪಿಸಿದೆ. ಆಮೇಲೆ ಅವರು ಆ ಮಾತು ತೆಗೆಯಲಿಲ್ಲ, ನನ್ನ ರಜೆಯ ಅರ್ಜಿಗಳು ಮಾತ್ರ ಅವರ ಮೇಜಿನ ಮೇಲೆ ಬಹಳ ದಿನ ಮಲಗತೊಡಗಿದವು.

ಎರಡನೇ ವರ್ಷಕ್ಕೆ ಕೈ ಕುದುರಿತು. ಬಸಪ್ಪನವರು ಮಾತ್ರ ತಾರೀಖು ಬರೆಯುತ್ತಿರಲಿಲ್ಲ, "ಮಘಿ ಎರಡನೇ ಪಾದ" ಎಂದು ಬರೆಯುತ್ತಿದ್ದರು. ಮಘೆ ಮಳೆ ಬಂದಷ್ಟೂ ಒಳ್ಳೇದು, ಮನೆ ಮಗ ಉಂಡಷ್ಟೂ ಒಳ್ಳೇದು ಎನ್ನುವ ಕಾಲದ ಮನುಷ್ಯ, ತಾರೀಖು ಎಂದರೆ ಅವರಿಗೆ ಕೋರ್ಟಿನ ಮಾತು. ನಾನು ಪಂಚಾಂಗ ಇಟ್ಟುಕೊಂಡು ತಿರುವಿ ಹಾಕುತ್ತಿದ್ದೆ. ಕ್ರಮೇಣ ನನಗೂ ಅದೇ ರೂಢಿಯಾಯಿತು. ಈಗಲೂ ಅಕ್ಟೋಬರ್ ಎಂದರೆ ನನಗೆ ಏನೂ ಕಾಣುವುದಿಲ್ಲ, ಚಿತ್ತಿ ಮಳೆ ಎಂದರೆ ಕಣ್ಣಿಗೆ ಕಟ್ಟುತ್ತದೆ.

ವರ್ಷಗಳು ಕೂಡಿದವು, ಅಳತೆಯೂ ಕೂಡಿತು. ಈಗ ಜರ್ನಲ್ಲುಗಳ ಕತೆಗೆ ಬರುತ್ತೇನೆ. ನನ್ನ ಕೂದಲು ಹಣ್ಣಾದದ್ದು ಇಲ್ಲಿ.

ನಾನು ಕೆಲಸಕ್ಕೆ ಸೇರಿದಾಗ ಪ್ರಬಂಧವನ್ನು ಟೈಪು ಮಾಡಿಸಿ, ಪ್ರತಿಗಳನ್ನು ಲಕೋಟೆಗೆ ಹಾಕಿ, ಅಂಚೆಯಣ್ಣನ ಕೈಗೆ ಕೊಟ್ಟು ಮರೆತುಬಿಡುತ್ತಿದ್ದೆವು. ವಾಪಸು ಬಂದರೆ ಅದೇ ಲಕೋಟೆಯಲ್ಲಿ ಬರುತ್ತಿತ್ತು, ಅದರಲ್ಲೂ ಒಂದು ಮರ್ಯಾದೆಯಿತ್ತು. ಈಗ ಎಲ್ಲ ಪೋರ್ಟಲ್ಲು. ಲೇಖಕರೆಲ್ಲರ ಹೆಸರು, ಸಂಸ್ಥೆ, ಹುದ್ದೆ, ಇಮೇಲ್ ತುಂಬದೆ ಮುಂದಿನ ಪುಟ ತೆರೆಯುವುದಿಲ್ಲ. ಅಳೆದವರೂ ಲೇಖಕರೇ ಎಂಬುದು ನನ್ನ ಪಟ್ಟು, ಆದರೆ ರಜಾಕಸಾಬರ ಸಂಸ್ಥೆ ಯಾವುದು? "ವೀಳ್ಯದೆಲೆ ತೋಟ, ಸವಣೂರು" ಎಂದು ಬರೆದೆ. ಪೋರ್ಟಲ್ಲು ಕೆಂಪಾಗಿ ಬೇಡ ಎಂದಿತು. ನಾಗಪ್ಪನ ಗಿರಣಿಯನ್ನೂ ಬೇಡ ಎಂದಿತು. ಒಬ್ಬ ಸಂಪಾದಕರು ಬಹಳ ವಿನಯದಿಂದ, ಅಳೆದುಕೊಟ್ಟವರಿಗೆ ಕೊನೆಯಲ್ಲಿ ಒಂದು ಕೃತಜ್ಞತೆ ಹೇಳಿದರೆ ಸಾಕಲ್ಲವೆ ಎಂದು ಬರೆದರು. ನಾನು ಸಾಲದು ಎಂದು ಬರೆದೆ. ಅಲ್ಲಿಗೆ ಆ ಜರ್ನಲ್ಲು ಮುಗಿಯಿತು.

ಪ್ರಬಂಧವನ್ನು ಓದಿ ತೂಗಿ ನೋಡುವವರಿಗೆ ಪರಿಶೀಲಕರು ಎನ್ನುತ್ತಾರೆ. ಅವರ ಹೆಸರು ನಮಗೆ ತಿಳಿಸುವುದಿಲ್ಲ, ಅದು ಅವರ ಪುಣ್ಯ. ಒಬ್ಬರು ತರಬೇತಿಯಿಲ್ಲದ ಹಳ್ಳಿಗರ ಅಳತೆಯನ್ನು ನಂಬುವುದು ಹೇಗೆ ಎಂದರು. ಅದೇ ಪ್ರಬಂಧಕ್ಕೆ ಇನ್ನೊಬ್ಬರು ಹಳ್ಳಿಗರ ಅಳತೆ ಇಷ್ಟು ಚೊಕ್ಕ ಇರಲು ಸಾಧ್ಯವೇ ಎಂದರು. ಅತ್ತೆಗೆ ಉಪ್ಪು ಹೆಚ್ಚು, ಮಾವನಿಗೆ ಸಪ್ಪೆ. ಒಂದು ಜರ್ನಲ್ಲಿನಲ್ಲಿ ನಮ್ಮ ಪ್ರಬಂಧ ಎಷ್ಟು ಕಾಲ ಬಿದ್ದಿತ್ತೆಂದರೆ, ಅದನ್ನು ತೆಗೆದುಕೊಂಡ ಸಂಪಾದಕರು ನಿವೃತ್ತರಾಗಿ, ಅವರ ನಂತರ ಬಂದವರೂ ಹೋಗಿ, ಮೂರನೆಯವರು ಇದು ಹಳೆಯ ಮಾಹಿತಿ ಎಂದು ತಿರುಗಿ ಕಳಿಸಿದರು. ಹಳೆಯದು ಮಾಡಿದ್ದು ಯಾರು ಎಂದು ಕೇಳಬೇಕೆನಿಸಿತು.

ಕೊನೆಗೆ ಧಾರವಾಡದ ಒಬ್ಬ ಹಿರಿಯ ಪ್ರಾಧ್ಯಾಪಕರು ನಮ್ಮ ಜತೆಗೂಡಿದರು. ಅಂಕಿಅಂಶಗಳನ್ನು ವಿಶ್ಲೇಷಿಸುವುದರಲ್ಲಿ ನಿಪುಣರು, ಮನುಷ್ಯ ಕೆಟ್ಟವರಲ್ಲ, ಅವಸರದವರು. ನಮ್ಮ ರಾಶಿಯನ್ನು ಜಾಲಾಡಿ ಒಂದು ದಿನ ಫೋನು ಮಾಡಿದರು. ದನಿಯಲ್ಲಿ ಹಬ್ಬ.

"ಮೇಡಂ, ಸಿಕ್ಕಿತು. ಉಳಿದ ಮಳಿಗಳು ಹೆಂಗಿದ್ದಾವೋ ಹಂಗ ಅದಾವು. ಸ್ವಾತಿ ಮಾತ್ರ ವರ್ಷಾ ವರ್ಷಾ ಇಳಕೋತ ಬಂದೈತಿ. ಊರ ಮಂದಿ ಅನ್ನೂದು ಖರೇ ಐತಿ."

ನನಗೆ ಸಂತೋಷಕ್ಕೆ ಕಣ್ಣು ತುಂಬಿತು, ಸುಳ್ಳೇಕೆ ಹೇಳಲಿ. ರಜಾಕಸಾಬರು ಬಾಗಿಲಲ್ಲಿ ನಿಂತು ಕೇಳಿದ ಪ್ರಶ್ನೆಗೆ ಉತ್ತರ ಸಿಕ್ಕಿತ್ತು. ಪೇಟೆಯ ಸರ್ಕಾರಿ ಮಾಪಕದಲ್ಲಿ ಸ್ವಾತಿ ಕಡಿಮೆಯಾಗಿರಲಿಲ್ಲ, ನಿಜ. ಆದರೆ ಪೇಟೆಯ ಮಾಪಕಕ್ಕೆ ಹಳ್ಳಿಯ ಸುದ್ದಿ ತಿಳಿಯದು ಎಂಬುದೇ ನಮ್ಮ ಪ್ರಬಂಧದ ಹುರುಳು. ಒಂದು ಒಳ್ಳೆಯ ಜರ್ನಲ್ಲು ಅದನ್ನು ಪರಿಶೀಲನೆಗೆ ತೆಗೆದುಕೊಂಡಿತು. ಅಳೆದವರೆಲ್ಲರ ಹೆಸರನ್ನು ಲೇಖಕರ ಸಾಲಿನಲ್ಲಿ ಹಾಕಲೂ ಒಪ್ಪಿತು. ಆದರೆ ಒಂದು ಷರತ್ತು. ಎಲ್ಲ ಊರುಗಳಲ್ಲಿ ಸ್ವಾತಿ ಇಳಿಯುತ್ತಿದೆ, ಸವಣೂರಿನ ತೋಟವೊಂದರಲ್ಲಿ ಮಾತ್ರ ಇಳಿದಿಲ್ಲ. ಆ ಅಳತೆ ತಪ್ಪಿರಬೇಕು, ಅದನ್ನು ಕೈಬಿಡಿ, ಆಗ ಪ್ರಕಟಿಸುತ್ತೇವೆ ಎಂದರು.

"ಒಂದು ಡಬ್ಬಿ ಬಿಟ್ರ ಏನಾತ್ರಿ? ಉಳದವರ ಹೆಸರು ಬರ್ತಾವಲ್ರಿ" ಎಂದರು ಪ್ರಾಧ್ಯಾಪಕರು. ಸವಣೂರಿನದು ತೋಟದ ತಂಪಿನಿಂದ ಆದ ವ್ಯತ್ಯಾಸ ಇರಬೇಕು ಎಂದು ಒಂದು ವಿವರಣೆಯನ್ನೂ ಕೊಟ್ಟರು.

ಯಾರ ಪ್ರಶ್ನೆಯಿಂದ ಕೆಲಸ ಹುಟ್ಟಿತೋ ಅವರನ್ನೇ ಹೊರಗೆ ಹಾಕುವುದು. ನನಗೆ ಸವಣೂರಿಗೆ ಹೋಗದೆ ಗತ್ಯಂತರವಿರಲಿಲ್ಲ. ತೋಟದ ಬಾವಿಕಟ್ಟೆಯ ಮೇಲೆ ಕೂತು ಇದ್ದದ್ದನ್ನು ಇದ್ದಹಾಗೆ ಹೇಳಿದೆ. ರಜಾಕಸಾಬರು ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ನನಗೆ ಸುಲಭವಾಗುತ್ತಿತ್ತು.

"ಹಂಗಾರ ನನ್ನ ಅಳತಿ ತಪ್ಪೇನ್ರಿ?"

"ಗೊತ್ತಿಲ್ರಿ."

"ದಿನಾ ಎಂಟೂವರೀಗೆ ನೋಡೇನ್ರಿ. ನನ್ನ ತಮ್ಮ ತೀರಿಕೊಂಡ ದಿನಾನೂ ಮೊದಲ ಡಬ್ಬಿ ನೋಡಿ ಹೋಗೇನಿ." ಒಂದು ಎಲೆಯ ತೊಟ್ಟು ಮುರಿದರು. "ಎಲ್ಲಾರದೂ ಒಂದು ಇದ್ದು ನಂದೊಂದ ಬ್ಯಾರೆ ಅಂದ್ರ, ನಂದ ತಪ್ಪಿರಬೇಕ್ರಿ. ನನ್ನ ಸಲುವಾಗಿ ಅವರದು ಯಾಕ ಕೆಡಸ್ತೀರಿ? ಬಿಟ್ಟಬಿಡ್ರಿ ನಂದು."

ಬಿಡುತ್ತೇನೆ ಎಂದೂ ಹೇಳದೆ, ಬಿಡುವುದಿಲ್ಲ ಎಂದೂ ಹೇಳದೆ ಬಸ್ಸು ಹತ್ತಿದೆ. ಜರ್ನಲ್ಲಿಗೆ ಉತ್ತರ ಕೊಡಲು ಇನ್ನೂ ಸಮಯವಿತ್ತು. ಅಷ್ಟರಲ್ಲಿ ಸ್ವಾತಿ ಹೊಕ್ಕಿತು. ಎಲ್ಲ ಊರುಗಳ ಡಬ್ಬಿಗಳನ್ನೂ ಒಮ್ಮೆ ಕಣ್ಣಾರೆ ನೋಡಿಬಿಡೋಣ ಎಂದು ಮೊದಲು ಹಿರೇಬೆಂಡಿಗೇರಿಗೆ ಹೋದೆ.

ಹಿಂದಿನ ಸಂಜೆ ಶಿಗ್ಗಾಂವದಲ್ಲೂ ಅಲ್ಲೂ ಒಳ್ಳೆಯ ಮಳೆಯಾಗಿತ್ತು. ಬಸಪ್ಪನವರು ಎಂಟೂವರೆಗೆ ಕನ್ನಡಕ ಏರಿಸಿ ಅಳತೆ ಓದಿದರು. ಅದು ನನ್ನ ಛತ್ರಿ ಕಂಡ ಮಳೆಗಿಂತ ಬಹಳ ಕಡಿಮೆ ಅನಿಸಿತು. ಆದರೆ ಛತ್ರಿ ಮಾಪಕವಲ್ಲವಲ್ಲ. ಡಬ್ಬಿ ನೆಟ್ಟಗಿತ್ತು, ಸುತ್ತ ಗಿಡವಿರಲಿಲ್ಲ, ಸೋರಿಕೆ ಇರಲಿಲ್ಲ. ತಪ್ಪು ಹುಡುಕಲು ಏನೂ ಉಳಿಯಲಿಲ್ಲ. ಅವರ ಸೊಸೆ ಗಂಗವ್ವ ಉಣ್ಣದೆ ಹೋಗಬಾರದು ಎಂದು ಒಳಗೆ ಕರೆದಳು. ಬಿಸಿ ರೊಟ್ಟಿ, ಬದನೇಕಾಯಿ, ಮೇಲೊಂದು ಬಟ್ಟಲು ಮೊಸರು. ಚಾಕುವಿನಿಂದ ಕೊಯ್ಯುವ ಹಾಗಿತ್ತು ಆ ಮೊಸರು, ಹುಳಿ ಇಲ್ಲ.

"ಗಂಗವ್ವ, ಮಸರು ಭಾಳ ಚಲೋ ಆಗೈತಿ."

"ಸ್ವಾತಿ ನೀರಿನ ಹೆಪ್ಪರೀ ಮೇಡಮ್ಮಾರ. ಬಾಟ್ಲಿ ತುಂಬಿ ಇಟ್ಟಕೋತೇವಿ, ವರ್ಷಾನಗಟ್ಲೆ ಬರ್ತೈತಿ. ಅದು ಮಾಳಿಗಿ ನೀರಾಗಬಾರ್ದು, ಹಂಚಿನ ನೀರಾಗಬಾರ್ದು, ನೆಲಾ ಮುಟ್ಟಬಾರ್ದು. ನೇರ ಆಕಾಶದಿಂದ ಬಂದದ್ದ ಇರಬೇಕು. ಮೊದಲ ಭಾಳ ತ್ರಾಸಿತ್ರಿ. ನೀವು ಈ ಡಬ್ಬಿ ತಂದ ಇಟ್ಟ ಮ್ಯಾಲ ಆರಾಮಾತು."

ರೊಟ್ಟಿ ನನ್ನ ಕೈಯಲ್ಲೇ ನಿಂತಿತು.

"ಡಬ್ಬಿ ನೀರ ತಗೋತೀಯೇನವ್ವಾ?"

"ಕಸಾ ಹೊಡಿಯಾಕ ಏಳ್ತೇನಲ್ರಿ, ಅವಾಗ." ನನ್ನ ಮುಖ ನೋಡಿ ಗಾಬರಿಯಾಗಿ ಮುಂದುವರಿಸಿದಳು. "ಎಲ್ಲಾ ತಗೋಳೂದಿಲ್ರೀ. ಮಾವಾರು ಓದಬೇಕಲ್ಲ, ಅವರಿಗೆ ಒಂದೀಟು ಬಿಟ್ಟಿರ್ತೇನಿ."

ಸ್ವಾತಿ ನೀರಿನಿಂದ ಹಾಲಿಗೆ ಹೆಪ್ಪು ಹಾಕುವುದು ಈ ಭಾಗದ ಹಳೆಯ ರೂಢಿ. ಕ್ವಾರ್ಟರ್ಸಿನಲ್ಲಿ ಬೆಳೆದ ನನಗೆ ಹೆಪ್ಪು ಎಂದರೆ ಪಕ್ಕದ ಮನೆಯಿಂದ ಬಟ್ಟಲಲ್ಲಿ ತರುವಂಥದ್ದು. ಪ್ರಾಧ್ಯಾಪಕರಿಗೆ ಮೊಸರು ಎಂದರೆ ತಟ್ಟೆಗೆ ಬಂದು ಬೀಳುವಂಥದ್ದು. ಬಸಪ್ಪನವರೂ ಜನ್ಮವಿಡೀ ಅದನ್ನೇ ಉಂಡಿದ್ದರು, ಆ ನೀರು ಎಲ್ಲಿಂದ ಬರುತ್ತದೆಂದು ಕೇಳಿದವರಲ್ಲ. ಹೊರಗೆ ಕೂತಿದ್ದ ಅವರನ್ನು ಕರೆದು ಹೇಳಿದಾಗ ಸೊಸೆಯನ್ನೂ ಡಬ್ಬಿಯನ್ನೂ ನೋಡಿ, "ಅಂದ್ರ ನಾ ಓದಿದ್ದು ಇಕಿ ಬಿಟ್ಟದ್ದು" ಎಂದರು.

ಗಂಗವ್ವನ ಮಾತು ಇನ್ನೂ ಮುಗಿದಿರಲಿಲ್ಲ. ಮೊದಲ ವರ್ಷ ಅವಳೊಬ್ಬಳೇ ತೆಗೆದುಕೊಂಡಿದ್ದು. ಮೊಸರು ಚೆನ್ನಾಗಿ ಆಯಿತೆಂದು ಮರುವರ್ಷ ಓರಗಿತ್ತಿ ಬಂದಳು, ಅದರ ಮರುವರ್ಷ ಓಣಿಯ ಹೆಂಗಸರು ವಾಟಗ, ಬಟ್ಟಲು ಹಿಡಿದು ಬಂದರು. ಕಾಲೇಜಿನವರು ಕೊಟ್ಟ ಡಬ್ಬಿ, ಅದರ ನೀರಿಗೆ ಕಸುವು ಹೆಚ್ಚು ಎಂದು ಸುದ್ದಿ ಹಬ್ಬಿತ್ತಂತೆ. ವರ್ಷಾ ವರ್ಷಾ ಇಳಿದುಕೊಂಡು ಬಂದದ್ದು ಮಳೆಯಲ್ಲ. ಹೆಪ್ಪಿನ ಗಿರಾಕಿಗಳು ಏರಿಕೊಂಡು ಬಂದಿದ್ದರು.

ಆಡೂರಿಗೆ ಹೋದೆ, ಹಿರೇಕೆರೂರಿಗೆ ಹೋದೆ. ಈ ಸಲ ನೇರ ಅಡುಗೆಮನೆಗೇ ಹೋದೆ. ಎಲ್ಲ ಕಡೆ ಅದೇ ಬಾಟಲಿ. ಗಿರಣಿ ನಾಗಪ್ಪನ ಹೆಂಡತಿಯಂತೂ ಹಿಟ್ಟು ಬೀಸಿಸಲು ಬಂದವರಿಗೂ ಹಂಚುತ್ತಿದ್ದಳು. ಕೊನೆಗೆ ಸವಣೂರಿಗೆ ಹೋಗಿ ರಜಾಕಸಾಬರ ಹೆಂಡತಿ ಮಹಬೂಬಿಯನ್ನು ಕೇಳಿದೆ.

"ನಾವೂ ಹಿಡೀತೇವ್ರಿ ಸ್ವಾತಿ ನೀರು, ಬಿಡ್ತೇವೇನ್ರಿ? ಮನಿ ಮುಂದ ಡಬರಿ ಇಡ್ತೇನಿ. ನಿಮ್ಮ ಡಬ್ಬಿ ಊರ ಹೊರಗ ತ್ವಾಟದಾಗ ಐತಲ್ರಿ, ಅಷ್ಟು ದೂರ ಯಾರು ಹೋಗ್ತಾರ?"

ತೋಟದ ತಂಪೂ ಅಲ್ಲ, ಮತ್ತೊಂದೂ ಅಲ್ಲ. ದೂರ ಇತ್ತು, ಅಷ್ಟೇ. ಅವರೊಬ್ಬರದೇ ಸರಿಯಾಗಿತ್ತು.

ಪ್ರಾಧ್ಯಾಪಕರಿಗೆ ಫೋನು ಮಾಡಿದೆ. ಅವರು ಎಲ್ಲ ಕೇಳಿಕೊಂಡು ಮೆಲ್ಲಗೆ, "ಈ ಮಾತು ಜರ್ನಲ್ಲಿನವರಿಗೆ ಹೆಂಗ ಗೊತ್ತಾಗಬೇಕ್ರಿ ಮೇಡಂ?" ಎಂದರು. ನಾನು ಅವರನ್ನು ದೂರುವುದಿಲ್ಲ. ಎಷ್ಟೋ ಸಲ ತಿರಸ್ಕಾರ ತಿಂದ ಮೇಲೆ ಒಪ್ಪಿಗೆ ಬಾಗಿಲಿಗೆ ಬಂದು ನಿಂತಿತ್ತು. ನನಗೂ ಒಂದು ಕ್ಷಣ ಆಸೆಯಾಯಿತು. "ಅವರಿಗೆ ಗೊತ್ತಾಗೂದಿಲ್ರಿ, ನಮಗ ಗೊತ್ತಾತಲ್ರಿ" ಎಂದೆ. ಇದು ಎಲ್ಲರ ಹೆಸರಿನ ಪ್ರಶ್ನೆ, ಎಲ್ಲರನ್ನೂ ಕೇಳೋಣ ಎಂದು ಗೊತ್ತು ಮಾಡಿದೆವು.

ಒಂದು ರವಿವಾರ ಎಲ್ಲರೂ ಶಿಗ್ಗಾಂವದಲ್ಲಿ ನಮ್ಮ ವಿಭಾಗದ ಕೋಣೆಯಲ್ಲಿ ಸೇರಿದರು. ಮಂಡಕ್ಕಿ ಮಿರ್ಚಿ ತರಿಸಿದ್ದೆ, ಯಾರೂ ಮುಟ್ಟಲಿಲ್ಲ. ಮೊದಲ ಸಲ ಹೆಂಗಸರೂ ಬಂದಿದ್ದರು, ಗೋಡೆಗೆ ಅಂಟಿ ನಿಂತಿದ್ದರು. ನಾಗಪ್ಪ ಕೇಳಿದ:

"ನಾವು ಸುಳ್ಳ ಬರದಂಗ ಆತೇನ್ರಿ?"

"ಇಲ್ಲಪಾ. ಡಬ್ಯಾಗ ಇದ್ದದ್ದನ್ನ ಬರದೀರಿ. ಬಿದ್ದ ಮಳಿ ಅದಕ್ಕಿಂತ ಹೆಚ್ಚಿತ್ತು, ಅಷ್ಟ."

"ಹಿಂಗ ಛಾಪಿಸಿದ್ರ ನಮ್ಮ ಹೆಸರು ಬರ್ತಾವಲ್ರಿ" ಎಂದ ಫಕ್ಕೀರಪ್ಪ. ಕೆಟ್ಟ ಮನಸ್ಸಿನಿಂದಲ್ಲ. ಮನೆಯಲ್ಲಿ, ಓಣಿಯಲ್ಲಿ, ಬೀಗರಲ್ಲಿ ಹೇಳಿಕೊಂಡಿದ್ದ.

"ಬರ್ತಾವು. ರಜಾಕಸಾಬ್ರದು ಬರೂದಿಲ್ಲ."

ಗಂಗವ್ವ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದಳು. ತಲೆ ಎತ್ತದೆ, "ತಪ್ಪ ನಮ್ಮದಿದ್ದು ಅವರನ್ಯಾಕ ತಗೀತೀರಿ?" ಎಂದಳು. ಬಸಪ್ಪನವರು, "ಸೊಸಿ ಹೇಳಿದ್ದ ಖರೇ ಐತಿ" ಎಂದರು. ಅವರು ಸೊಸೆಯ ಮಾತಿಗೆ ನಾಲ್ಕು ಜನರ ಮುಂದೆ ಹೌದು ಎಂದದ್ದು ಅದೇ ಮೊದಲಿರಬೇಕು. ರಜಾಕಸಾಬರು ಮಾತ್ರ ಕೈ ಆಡಿಸಿದರು. "ನನ್ನ ಒಬ್ಬಂದ ಸಲುವಾಗಿ ಎಲ್ಲಾರದೂ ಹೋಗೂದು ಬ್ಯಾಡ್ರಿ" ಎಂದರು. ಅವರ ಆ ಮಾತಿನಿಂದಲೇ ಫಕ್ಕೀರಪ್ಪನೂ ಸೋತ.

ಸಂಪಾದಕರಿಗೆ ಇದ್ದದ್ದನ್ನೆಲ್ಲ ಬರೆದೆವು. ಹೆಪ್ಪು ಎಂಬುದನ್ನು ಇಂಗ್ಲಿಷಿನಲ್ಲಿ ವಿವರಿಸಲು ನನಗೆ ಒಂದು ಇಡೀ ಸಂಜೆ ಹಿಡಿಯಿತು. ಪ್ರಾಮಾಣಿಕತೆಗೆ ಧನ್ಯವಾದ, ಪ್ರಬಂಧವನ್ನು ತಿರಸ್ಕರಿಸಲಾಗಿದೆ ಎಂದು ಉತ್ತರ ಬಂತು. ಆ ದಿನ ನಾನು ಪಾಠ ಮಾಡಲಿಲ್ಲ. ಮಕ್ಕಳಿಗೆ ನಕಾಶೆ ತುಂಬಲು ಹೇಳಿ ಕಿಟಕಿಯ ಹತ್ತಿರ ಕುರ್ಚಿ ಹಾಕಿಕೊಂಡು ಕೂತೆ. ಇಷ್ಟು ವರ್ಷ ಯಾಕೆ ಮಾಡಿದೆ ಎಂದು ನಿಜವಾಗಿ ದುಃಖವಾಯಿತು.

ಆದರೆ ಡಬ್ಬಿಗಳು ನಿಂತಲ್ಲೇ ನಿಂತಿದ್ದವು, ಮುಂಜಾನೆಯ ಅಳತೆ ಬರುತ್ತಲೇ ಇತ್ತು. ಮರುವರ್ಷ ಸ್ವಾತಿಗೆ ಗಂಗವ್ವನೇ ಒಂದು ಉಪಾಯ ಮಾಡಿದಳು. ಡಬ್ಬಿಯ ಪಕ್ಕ ಅದೇ ಎತ್ತರದ ಕಂಬದ ಮೇಲೆ ಬೆಳಗಿದ ಡಬರಿ ಪಾತ್ರೆ ಇಟ್ಟಳು. ಹೆಪ್ಪಿನ ನೀರು ಡಬರಿಯಿಂದ, ಅಳತೆ ಡಬ್ಬಿಯಿಂದ. ಉಳಿದ ಊರುಗಳ ಹೆಂಗಸರಿಗೂ ಅವಳೇ ಫೋನಿನಲ್ಲಿ ತಾಕೀತು ಮಾಡಿದಳು. ಡಬ್ಬಿಯ ಸ್ವಾತಿ ಅಳತೆ ಸವಣೂರಿನ ಅಳತೆಯ ಹತ್ತಿರ ಬಂದು ನಿಂತಿತು. ಅದನ್ನು ನೋಡಿ ಪ್ರಾಧ್ಯಾಪಕರಿಗೆ ಮತ್ತೆ ಹುರುಪು ಬಂತು. ಮನೆಬಳಕೆಯಿಂದ ಜನರ ಅಳತೆ ಹೇಗೆ ಜಾರುತ್ತದೆ, ಅದನ್ನು ಕಂಡುಹಿಡಿಯುವುದು ಹೇಗೆ ಎಂದು ಒಂದು ಚಿಕ್ಕ ಟಿಪ್ಪಣಿ ಬರೆದೆವು. ಅದೂ ಎರಡು ಕಡೆ ತಿರಸ್ಕಾರ ತಿಂದು, ನಾನು ನಿವೃತ್ತಳಾದ ಮೇಲೆ ಒಂದು ಸಣ್ಣ ಜರ್ನಲ್ಲಿನಲ್ಲಿ ಅಚ್ಚಾಯಿತು. ಲೇಖಕರ ಸಾಲಿನಲ್ಲಿ ಎಲ್ಲರ ಹೆಸರಿದೆ, ಗಂಗವ್ವನದೂ ಇದೆ. ಅವಳಿಗೆ ಪ್ರತಿ ಕೊಟ್ಟಾಗ, "ನೀರ ಕದ್ದಾಕಿ ಅಂತ ಬರ್ದೀರೇನ್ರಿ?" ಎಂದು ಕೇಳಿ, ಇಲ್ಲ ಎಂದ ಮೇಲೆಯೇ ಮುಟ್ಟಿದಳು.

ಕೊನೆಯ ಪ್ರತಿ ಹಿಡಿದುಕೊಂಡು ಸವಣೂರಿಗೆ ಹೋದೆ. ಬಹಳ ದಿನವಾಗಿತ್ತು ಆ ಕಡೆ ಹೋಗದೆ, ಮೊಣಕಾಲು ಬಸ್ಸು ಹತ್ತಲು ಬಿಡುವುದಿಲ್ಲ. ದಾರಿ ತಪ್ಪಿದೆನೇನೋ ಅನಿಸಿತು. ತೋಟ ಅರ್ಧವೇ ಇತ್ತು. ಉಳಿದರ್ಧದಲ್ಲಿ ಗೋವಿನಜೋಳ ಆಳೆತ್ತರ ನಿಂತಿತ್ತು.

ರಜಾಕಸಾಬರು ಬಾವಿಕಟ್ಟೆಯ ಮೇಲೆ ಕಂಬಳಿ ಹಾಸಿದರು. ಪುಟ ತೆರೆದು ಹೆಸರು ತೋರಿಸಿದೆ. ಇಂಗ್ಲಿಷು ಬಾರದ ಅವರು ನನ್ನ ಬೆರಳಿದ್ದಲ್ಲಿ ತಮ್ಮ ಬೆರಳಿಟ್ಟು ನೋಡಿದರು, ಮಹಬೂಬಿಯನ್ನು ಕರೆದು ತೋರಿಸಿದರು.

"ಏನಂತ ಬರದೈತ್ರಿ ಇದರಾಗ?"

"ಮನಿ ಮಂದಿ ನೀರು ತಗದ್ರ ಅಳತಿ ಹೆಂಗ ತಪ್ತೈತಿ ಅಂತ. ನಿಮ್ಮ ತ್ವಾಟದ ಅಳತಿ ಹಿಡದ ಉಳದವರದು ತಪ್ಪು ಅಂತ ಗೊತ್ತಾತು ಅಂತ ಬರದೈತಿ."

"ಚಲೋ ಆತ್ರಿ." ಸಂತೋಷಪಟ್ಟರು, ನಿಜವಾಗಿಯೇ. ಪುಟ ಮುಚ್ಚಿ ಮೇಲೆ ಅಂಗೈ ಸವರಿದರು. ಆಮೇಲೆ ಕೇಳಿದರು:

"ಸ್ವಾತಿ ಕಡಿಮಿ ಆಗೈತೋ ಇಲ್ಲೋ, ಅದನ್ನ ಬರ್ದೀರೇನ್ರಿ?"

"ಅದು ಇದರಾಗ ಇಲ್ರಿ. ಹೇಳಾಕ ಬರೂದಿಲ್ಲ. ಸರಿ ಅಳತಿ ಇರೂದು ನಿಮ್ಮದೊಂದ, ಒಂದ ಜಾಗಾದ್ದು ಸಾಲೂದಿಲ್ಲ. ಉಳದವರದು ಹೊಸದಾಗಿ ಸುರು ಮಾಡಿದಂಗ ಆತು. ಇನ್ನೂ ಭಾಳ ವರ್ಷ ಅಳೀಬೇಕು."

"ನಾ ಕೇಳಿದ್ದು ಅದ ಅಲ್ರೀ?" ಎಂದರು. ದೂರುವ ದನಿಯಲ್ಲ, ನೆನಪು ಮಾಡಿಕೊಳ್ಳುವ ದನಿ.

"ಹೌದ್ರಿ. ನೀವು ಕೇಳಿದ್ದು ಅದ."

ಗೋವಿನಜೋಳದ ಕಡೆ ನೋಡಿದೆ. ಅವರೂ ನೋಡಿದರು.

"ಕಾಯಾಕ ಆಗಲಿಲ್ರಿ ಮೇಡಮ್ಮಾರ. ಹ್ವಾದ ವರ್ಷ ಅರ್ಧಾ ತಗದಬಿಟ್ಟೆ."

ಹೊರಡುವಾಗ ಡಬ್ಬಿ ನೋಡಿ ಹೋಗೋಣ ಎಂದು ಅವರೇ ಕರೆದುಕೊಂಡು ಹೋದರು. ತೆನೆ ಸರಿಸುತ್ತ ಜೋಳದ ನಡುವೆ ನಡೆದೆವು. ಡಬ್ಬಿ ಅದೇ ಕಂಬದ ಮೇಲಿತ್ತು. ಅದರ ಸುತ್ತ ದೊಡ್ಡದೊಂದು ಕಣದಷ್ಟು ಜಾಗವನ್ನು ಬಿತ್ತದೆ ಬಿಟ್ಟಿದ್ದರು. ಒಳ್ಳೆಯ ಎರೆಭೂಮಿ, ಕಳೆ ಕಿತ್ತು ಹಸನು ಮಾಡಿ ಖಾಲಿ ಇಟ್ಟಿದ್ದರು.

"ಇಷ್ಟು ಜಾಗಾ ಯಾಕ ಬಿಟ್ಟೀರಿ?"

"ಜ್ವಾಳ ಎತ್ತರ ಬ್ಯಳೀತೈತಲ್ರಿ, ಮಳಿಗೆ ಅಡ್ಡ ಬರ್ತೈತಿ. ಸುತ್ತ ಬಯಲಿರಬೇಕು ಅಂತ ಮೊದಲನೇ ದಿನ ನೀವ ಹೇಳಿದ್ರಲ್ರಿ."